ಪಾಸಾದ ಪೋರ್ಟಲ್, ಫೇಲಾದ ಪ್ರಜೆ

ಜಾಲತಾಣಗಳನ್ನು ಪರೀಕ್ಷಿಸುವ ಎಂಜಿನಿಯರುಗಳು ಬಳಸುವ ಸೆಲೆನಿಯಂ ಎಂಬ ತಂತ್ರಾಂಶವೊಂದಿದೆ. ಅದರ ಅಧಿಕೃತ ಕೈಪಿಡಿಯಲ್ಲಿ ‘ಇವುಗಳ ಗೋಜಿಗೆ ಹೋಗಬೇಡಿ’ ಎನ್ನುವ ಅರ್ಥದ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಕ್ಯಾಪ್ಚಾ ಇದೆ. ಎರಡು ಹಂತದ ದೃಢೀಕರಣ, ಅಂದರೆ ನಾವು ಒಟಿಪಿ ಎಂದು ಕರೆಯುವುದೂ ಇದೆ. ಪರೀಕ್ಷೆ ನಡೆಸುವಾಗ ಇವನ್ನು ಆರಿಸಿಡಿ, ಇಲ್ಲವೇ ಪಕ್ಕದಲ್ಲೊಂದು ದಾರಿ ಮಾಡಿಕೊಳ್ಳಿ ಎಂಬುದು ಕೈಪಿಡಿಯ ಸಲಹೆ. ಎಂಜಿನಿಯರುಗಳ ದೃಷ್ಟಿಯಿಂದ ಸಲಹೆ ಸರಿಯಾಗಿಯೇ ಇದೆ. ಕ್ಯಾಪ್ಚಾ ಹುಟ್ಟಿದ್ದೇ ಯಂತ್ರವನ್ನು ಹೊರಗಿಡಲು. ಯಂತ್ರದ ಕೈಯಲ್ಲೇ ಅದನ್ನು ದಾಟಿಸುತ್ತೇನೆಂದು ಹೊರಟರೆ ಅದು ಕಳ್ಳನ ಕೆಲಸವಾಗುತ್ತದೆ, ಪರೀಕ್ಷಕನದ್ದಲ್ಲ.

ಈಗ ಬಂಗಾರಪೇಟೆಯಂಥ ಯಾವುದೇ ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಯ ಮುಂದೆ ನಿಂತು ನೋಡಿ. ಆದಾಯ ಪ್ರಮಾಣಪತ್ರಕ್ಕೋ ಪಹಣಿಗೋ ಪಿಂಚಣಿಗೋ ಬಂದವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ? ಗುಂಡಿ ಒತ್ತುವಲ್ಲಿ ಅಲ್ಲ. ಗುಂಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅವರು ನಿಲ್ಲುವುದು ಕ್ಯಾಪ್ಚಾದ ಸೊಟ್ಟಪಟ್ಟ ಇಂಗ್ಲಿಷ್ ಅಕ್ಷರಗಳ ಎದುರಿಗೆ. ಅದನ್ನು ದಾಟಿದರೆ, ಬೆಳಗ್ಗೆ ಮಗನ ಜೇಬಿನಲ್ಲಿ ಬೆಂಗಳೂರಿಗೆ ಹೋಗಿಬಿಟ್ಟಿರುವ ಫೋನಿಗೆ ಬರುವ ಒಟಿಪಿಯ ಎದುರಿಗೆ. ಪರೀಕ್ಷೆಯ ಯಂತ್ರಕ್ಕಾಗಿ ಯಾವ ಎರಡು ಬಾಗಿಲುಗಳನ್ನು ಕಳಚಿಟ್ಟು ದಾರಿ ಮಾಡಿಕೊಡುತ್ತೇವೋ, ಅದೇ ಎರಡು ಬಾಗಿಲುಗಳಿಗೆ ಮನುಷ್ಯರು ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ಆಮೇಲೆ ‘ಎಲ್ಲ ಪರೀಕ್ಷೆಗಳೂ ಪಾಸಾಗಿವೆ’ ಎಂದು ಪರದೆಯ ಮೇಲೆ ಹಸಿರು ಗುರುತು ಮೂಡುತ್ತದೆ. ಆ ಹಸಿರು ಗುರುತನ್ನು ಪ್ರಜೆಯ ಅನುಭವದ ಪ್ರಮಾಣಪತ್ರ ಎಂದು ಒಪ್ಪಿಕೊಳ್ಳಬಾರದು ಎಂಬುದು ಈ ಬರಹದ ವಾದ.

ಮೊದಲು ಈ ಯಂತ್ರ ಏನೆಂದು ನೋಡೋಣ. ನಾವು ಬ್ರೌಸರ್ ತೆರೆದು, ವಿಳಾಸ ಬರೆದು, ಹೆಸರು ತುಂಬಿ, ಗುಂಡಿ ಒತ್ತಿ, ಬಂದ ಪುಟವನ್ನು ಓದುತ್ತೇವೆ. ಇದೇ ಕೆಲಸಗಳನ್ನು ಕೆಲವು ಸಾಲು ಕೋಡ್ ಬರೆದು ಬ್ರೌಸರಿನಿಂದಲೇ ಮಾಡಿಸಬಹುದು. ‘ಈ ಪುಟಕ್ಕೆ ಹೋಗು, ಈ ಖಾನೆಯಲ್ಲಿ ಇದನ್ನು ಬರೆ, ಆ ಗುಂಡಿ ಒತ್ತು, ಮುಂದಿನ ಪುಟದಲ್ಲಿ “ಅರ್ಜಿ ಸಲ್ಲಿಕೆಯಾಗಿದೆ” ಎಂಬ ಮಾತು ಇದೆಯೇ ನೋಡು’ ಎಂದು ಬರೆದಿಟ್ಟರೆ, ಮನುಷ್ಯರು ಮಲಗಿರುವ ಹೊತ್ತಿನಲ್ಲಿ ಯಂತ್ರ ಅದನ್ನು ನೂರು ಸಲ ಮಾಡಿ ಮುಗಿಸುತ್ತದೆ. ಸೆಲೆನಿಯಂ ಹುಟ್ಟಿದ್ದು 2004ರಲ್ಲಿ, ಶಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿ, ಜೇಸನ್ ಹಗಿನ್ಸ್ ಅವರ ಕೈಯಲ್ಲಿ. ಬ್ರೌಸರನ್ನು ಹೀಗೆ ಓಡಿಸುವ ವಿಧಾನ 2018ರಲ್ಲಿ ಡಬ್ಲ್ಯೂ3ಸಿ ಸಂಸ್ಥೆಯ ಅಧಿಕೃತ ಮಾನದಂಡವಾಯಿತು. ಗೂಗಲ್ 2017ರಲ್ಲಿ ಪಪೆಟಿಯರ್ ತಂದಿತು, ಮೈಕ್ರೋಸಾಫ್ಟ್ 2020ರಲ್ಲಿ ಪ್ಲೇರೈಟ್ ತಂದಿತು. ಒಂದರ ಹೆಸರು ಸೂತ್ರದ ಗೊಂಬೆಯಾಡಿಸುವವ, ಇನ್ನೊಂದರದ್ದು ನಾಟಕಕಾರ. ಸಾಹಿತ್ಯದವರಾದ ನಮಗೆ ಈ ಹೆಸರುಗಳೇ ಸಾಕಷ್ಟು ಹೇಳಬೇಕು.

ಸೆಲೆನಿಯಂ ಎಂಬ ಹೆಸರಿನ ಹಿಂದೆಯೂ ಒಂದು ಕುಹಕವಿದೆ. ಆಗ ಪರೀಕ್ಷಾ ತಂತ್ರಾಂಶದ ದೊಡ್ಡ ವ್ಯಾಪಾರಿ ಮರ್ಕ್ಯುರಿ ಎಂಬ ಕಂಪನಿ. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂದು ಹಗಿನ್ಸ್ ತಮಾಷೆ ಮಾಡಿದ್ದೇ ಹೆಸರಾಗಿ ಉಳಿಯಿತು. ಈ ತಮಾಷೆ ಬಂಗಾರಪೇಟೆ–ಕೆಜಿಎಫ್ ಕಡೆಯವರಿಗೆ ಬೇರೆ ಥರ ಕೇಳಿಸುತ್ತದೆ. ಕೋಲಾರದ ಗಣಿಗಳಲ್ಲಿ ಅದಿರನ್ನು ಕುಟ್ಟಿ ಪುಡಿ ಮಾಡಿ, ಪಾದರಸ ಸವರಿದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದರು. ಅಲ್ಲಿ ತಪ್ಪಿಸಿಕೊಂಡದ್ದನ್ನು ಸಯನೈಡ್ ದ್ರಾವಣದಲ್ಲಿ ಹಿಡಿಯುತ್ತಿದ್ದರು. ಅದಕ್ಕೂ ಸಿಗದೆ ಹೋದದ್ದು ಹೊರಗೆ ದಿಬ್ಬವಾಗಿ ಬಿತ್ತು. ಆ ಸಯನೈಡ್ ದಿಬ್ಬಗಳು ಇವತ್ತಿಗೂ ಊರಿನ ಗುರುತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. 2024ರಲ್ಲಿ ರಾಜ್ಯ ಸಚಿವ ಸಂಪುಟ ಅದೇ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ಕಸವೆಂದು ಹೊರಗೆ ಸುರಿದದ್ದರಲ್ಲೂ ಚಿನ್ನವಿತ್ತು. ಹಿಡಿಯಲು ಆಗದೇ ಹೋದದ್ದು ಆ ಕಾಲದ ಜರಡಿಗೆ. ಯಾವ ಪರೀಕ್ಷೆಯ ಬಗ್ಗೆ ಮಾತಾಡುವಾಗಲೂ ಈ ದಿಬ್ಬಗಳು ಕಣ್ಣ ಮುಂದೆ ಇರುವುದು ಒಳ್ಳೆಯದು.

ಪರೀಕ್ಷಾ ಯಂತ್ರದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಒಂದು ಪೋರ್ಟಲಿನಲ್ಲಿ ನೂರಾರು ಸೇವೆಗಳಿರುವಾಗ, ಒಂದು ಕಡೆ ಬದಲಾಯಿಸಿದ ಸಾಲು ಇನ್ನೊಂದು ಕಡೆ ಏನನ್ನು ಕೆಡಿಸಿತು ಎಂದು ಮನುಷ್ಯರನ್ನೇ ಕೂರಿಸಿ ದಿನವೂ ನೋಡಿಸುವುದು ಅಸಾಧ್ಯ, ಅಮಾನವೀಯ ಕೂಡ. ಯಂತ್ರ ಬೇಸರಪಡುವುದಿಲ್ಲ, ಮರೆಯುವುದಿಲ್ಲ. ನನ್ನ ಜಗಳ ಇರುವುದು ಯಂತ್ರ ಕೊಟ್ಟ ಉತ್ತರವನ್ನು ಕೇಳದ ಪ್ರಶ್ನೆಗೂ ಉತ್ತರವೆಂದು ತೋರಿಸುವವರ ಜೊತೆ. ‘ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆಯೇ’ ಎಂಬ ಪ್ರಶ್ನೆಗೆ ಯಂತ್ರ ಹೌದು ಎಂದಿದೆ. ‘ಅರ್ಜಿ ಹಾಕಬೇಕಾದವರು ಆ ಗುಂಡಿಯವರೆಗೆ ಬಂದು ತಲುಪುತ್ತಾರೆಯೇ’ ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಕ್ಯಾಪ್ಚಾದ ಕಥೆಯನ್ನೇ ನೋಡಿ. ಎದುರಿಗಿರುವುದು ಮನುಷ್ಯನೋ ಯಂತ್ರವೋ ಎಂದು ಬೇರ್ಪಡಿಸಲು ಯಂತ್ರವೇ ನಡೆಸುವ ಪರೀಕ್ಷೆ ಎಂಬುದು ಆ ಹೆಸರಿನ ವಿಸ್ತೃತ ಅರ್ಥ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಶತಮಾನದ ಆರಂಭದಲ್ಲಿ ಕೊಟ್ಟ ಹೆಸರು ಅದು. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಸಂಶೋಧಕರು ಮನುಷ್ಯರಿಂದ ಕ್ಯಾಪ್ಚಾ ಬಿಡಿಸಿ, ಆ ಫಲಿತಾಂಶವನ್ನು ಬಾಟ್‌ಗಳ ಸಾಧನೆಯ ಜೊತೆ ಹೋಲಿಸಿದರು. ಬಾಟ್‌ಗಳೇ ಹೆಚ್ಚು ವೇಗ, ಬಾಟ್‌ಗಳೇ ಹೆಚ್ಚು ನಿಖರ ಎಂದು ಕಂಡುಬಂತು. ಹಾಗಾದರೆ ಈ ಬಾಗಿಲು ಈಗ ಯಾರನ್ನು ತಡೆಯುತ್ತಿದೆ? ಕನ್ನಡ ಓದಬಲ್ಲ, ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ, ಕಣ್ಣು ಮಂಜಾದ ಒಬ್ಬ ಅಜ್ಜಿ ತಾನು ಮನುಷ್ಯಳು ಎಂದು ರೋಮನ್ ಲಿಪಿಯಲ್ಲಿ ಸಾಬೀತು ಮಾಡಬೇಕು. ಕಳ್ಳ ಯಂತ್ರ ಅವಳಿಗಿಂತ ಚೆನ್ನಾಗಿ ಸಾಬೀತು ಮಾಡುತ್ತದೆ.

ಇದು ಬರೀ ಊಹೆಯಲ್ಲ, ಈ ದೇಶ ಅನುಭವಿಸಿದ್ದು. 2021ರ ಏಪ್ರಿಲ್ 28ರಂದು ಹದಿನೆಂಟು ದಾಟಿದವರಿಗೆ ಕೋವಿನ್ ಪೋರ್ಟಲಿನಲ್ಲಿ ಲಸಿಕೆಯ ನೋಂದಣಿ ತೆರೆದರು. ಹದಿನೆಂಟರಿಂದ ನಲವತ್ತನಾಲ್ಕರ ವಯಸ್ಸಿನವರಿಗೆ ಆಗ ಆನ್‌ಲೈನ್ ನೋಂದಣಿ ಕಡ್ಡಾಯ. ಪೋರ್ಟಲ್ ಇದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಕೋಡ್ ಬಲ್ಲ ಯುವಕರು ಸ್ಲಾಟ್ ಖಾಲಿಯಾದ ಕ್ಷಣ ಎಚ್ಚರಿಸುವ, ಕೆಲವೊಮ್ಮೆ ತಾವೇ ಕಾಯ್ದಿರಿಸಿಬಿಡುವ ಸ್ಕ್ರಿಪ್ಟ್‌ಗಳನ್ನು ಬರೆದರು. ಕ್ಯಾಪ್ಚಾ ಬಿಡಿಸುವ ಕೋಡ್ ಕೂಡ ಬಂತು. ನಗರದವರು ಹೀಗೆ ಹಿಡಿದ ಸ್ಲಾಟುಗಳಿಗಾಗಿ ಕಾರು ಹತ್ತಿ ನೆರೆಯ ಜಿಲ್ಲೆಗಳ ಆರೋಗ್ಯ ಕೇಂದ್ರಗಳಿಗೆ ಬಂದರು. ಆ ಕೇಂದ್ರದ ಪಕ್ಕದಲ್ಲೇ ಮನೆಯಿದ್ದವರು ಪರದೆಯ ಮೇಲೆ ‘ಬುಕ್ಡ್’ ಎಂಬ ಇಂಗ್ಲಿಷ್ ಪದ ನೋಡುತ್ತ ಕೂತರು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ನೇರವಾಗಿ ಬಂದವರಿಗೂ ಅವಕಾಶ ಕೊಡಬೇಕಾಯಿತು. ಮೇ 31ರಂದು ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದಕದ ಬಗ್ಗೆ ಕೇಂದ್ರವನ್ನು ಪ್ರಶ್ನಿಸಿತು. ಪೋರ್ಟಲ್ ಭಾರತೀಯ ಭಾಷೆಗಳಿಗೆ ಬರುವ ಹೊತ್ತಿಗೆ ಜೂನ್ ಬಂದಿತ್ತು. ಅಲ್ಲಿ ಕೆಟ್ಟುಹೋದ ಗುಂಡಿ ಯಾವುದೂ ಇರಲಿಲ್ಲ. ತಾಂತ್ರಿಕವಾಗಿ ಪೋರ್ಟಲ್ ಪಾಸು.

ರೈಲಿನ ಕಥೆಯೂ ಬೇರೆಯಲ್ಲ. ತತ್ಕಾಲ್ ಕಿಟಕಿ ತೆರೆದ ಮೊದಲ ಐದು ನಿಮಿಷಗಳಲ್ಲಿ ನಡೆಯುವ ಲಾಗಿನ್ ಪ್ರಯತ್ನಗಳಲ್ಲಿ ಶೇ. 50ರವರೆಗೆ ಬಾಟ್‌ಗಳದ್ದೇ ಎಂದು 2025ರ ಜೂನ್‌ನಲ್ಲಿ ರೈಲ್ವೆ ಇಲಾಖೆಯೇ ಹೇಳಿತು. ಎರಡೂವರೆ ಕೋಟಿ ಅನುಮಾನಾಸ್ಪದ ಖಾತೆಗಳನ್ನು ನಿಷ್ಕ್ರಿಯಗೊಳಿಸಿದ್ದಾಗಿಯೂ ಹೇಳಿತು. 2017ರ ಡಿಸೆಂಬರಿನಲ್ಲಿ ಇಂಥ ತತ್ಕಾಲ್ ತಂತ್ರಾಂಶ ತಯಾರಿಸಿದ ಆರೋಪದ ಮೇಲೆ ಸಿಬಿಐ ಬಂಧಿಸಿದ್ದು ತನ್ನದೇ ಸಹಾಯಕ ಪ್ರೋಗ್ರಾಮರನ್ನು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ಇದಕ್ಕೆ ಕಂಡುಕೊಂಡ ಪರಿಹಾರ ಏನು? 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟ್‌ಗೆ ಆಧಾರ್ ದೃಢೀಕರಣ, ಅದೇ ತಿಂಗಳ ಮಧ್ಯದಿಂದ ಅದರ ಮೇಲೊಂದು ಒಟಿಪಿ. ಯಂತ್ರ ಮೋಸ ಮಾಡಿದ್ದಕ್ಕೆ ಮನುಷ್ಯ ಇನ್ನೊಂದು ಸಾಕ್ಷಿ ಕೊಡಬೇಕಾಯಿತು. ಬ್ರೌಸರನ್ನು ಯಂತ್ರ ಓಡಿಸುತ್ತಿದ್ದರೆ ಬ್ರೌಸರ್ ಅದನ್ನು ತಾನೇ ಒಪ್ಪಿಕೊಳ್ಳುವ ಒಂದು ಗುರುತು ಡಬ್ಲ್ಯೂ3ಸಿ ಮಾನದಂಡದಲ್ಲೇ ಇದೆ. ಪ್ರಾಮಾಣಿಕ ಪರೀಕ್ಷಕನ ಯಂತ್ರ ಆ ಗುರುತು ತೋರಿಸುತ್ತದೆ, ಕಳ್ಳನದ್ದು ಮುಚ್ಚಿಡುತ್ತದೆ. ಈ ಇಬ್ಬರ ನಡುವಿನ ಆಟದಲ್ಲಿ ಪ್ರತಿ ಸುತ್ತಿನ ದಂಡ ಕಟ್ಟುವವರು ಮಾತ್ರ ಆಟದಲ್ಲೇ ಇಲ್ಲದ ಮೂರನೆಯವರು.

ಇಲ್ಲೊಂದು ಸಿದ್ಧ ಉತ್ತರ ಬರುತ್ತದೆ: ‘ಬಳಕೆದಾರರಿಗೆ ಬಳಸಲು ಬರುವುದಿಲ್ಲ, ಪೋರ್ಟಲ್ ಸರಿಯಾಗಿದೆ.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಮ್ಮ ತಾಂತ್ರಿಕ ಪಂಡಿತರು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕುಳಿತವರಿಗೆ ಅನ್ವಯಿಸುತ್ತಾರೆ. ಆ ಗಾದೆ ಹುಟ್ಟಿದ್ದು ನೆಲ ಹಾಕಿದವನ ಬಾಯಲ್ಲೇ ಇರಬೇಕು ಎಂದು ನನ್ನ ಅನುಮಾನ. ನೆಲ ನಿಜಕ್ಕೂ ಡೊಂಕಾಗಿದ್ದರೆ ಅದನ್ನು ಹೇಳಬೇಕಾದವರು ಕುಣಿಯುವವರಲ್ಲದೆ ಮತ್ಯಾರು?

ಡೊಂಕು ದಾಖಲಾಗದಂತೆಯೂ ನಾವು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಕರ್ನಾಟಕದ ಸಕಾಲ ಕಾಯ್ದೆ 2011ರದ್ದು. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಸಿಗಬೇಕು ಎಂದು ಹೇಳುವ, ನಿಜಕ್ಕೂ ಹೆಮ್ಮೆಪಡಬೇಕಾದ ಕಾಯ್ದೆ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕೃತವಾಗಿ ಅದಕ್ಕೊಂದು ಸಂಖ್ಯೆ ಸಿಕ್ಕ ಮೇಲೆ. ಕ್ಯಾಪ್ಚಾದ ಮುಂದೆ ಮೂರು ದಿನ ನಿಂತು ವಾಪಸ್ ಹೋದವರ ಅರ್ಜಿ ಹುಟ್ಟೇ ಇಲ್ಲ, ಹಾಗಾಗಿ ತಡವೂ ಆಗಿಲ್ಲ. ಯಂತ್ರದ ಪರೀಕ್ಷೆಯಲ್ಲಿ ದೋಷವಿಲ್ಲ, ಕಾಯ್ದೆಯ ಲೆಕ್ಕದಲ್ಲಿ ವಿಳಂಬವಿಲ್ಲ. ಎರಡೂ ಕಡೆ ಹಸಿರು. ನಡುವೆ ಬಿದ್ದವರ ಲೆಕ್ಕ ಇಡುವ ಪುಸ್ತಕವೇ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದರು. ಈಗ ಪೂಜಾರಿಯೂ ಕೊಡಲು ತಯಾರು, ದೇವಸ್ಥಾನದ ಬೀಗ ಮಾತ್ರ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತದೆ.

ಇನ್ನು ಕನ್ನಡದ ಮಾತು. ಇದು ಭಾವುಕತೆಯ ಪ್ರಶ್ನೆ ಎಂದು ತಳ್ಳಿಹಾಕುವವರಿಗಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ‘ಕೋಲಾರ’ ಎಂದು ಬರೆಯಿರಿ. ಯುನಿಕೋಡ್‌ನಲ್ಲಿ ಇದನ್ನು ಐದು ಸಂಕೇತಗಳಲ್ಲಿ ಬರೆಯಬಹುದು: ಕ, ಓತ್ವ, ಲ, ಆತ್ವ, ರ. ಆ ಓತ್ವವನ್ನೇ ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಆಗ ಏಳು ಸಂಕೇತ. ಕಣ್ಣಿಗೆ ಎರಡೂ ಒಂದೇ ಕೋಲಾರ. ಯಂತ್ರಕ್ಕೆ, ಮೊದಲೇ ಹೇಳಿಕೊಡದಿದ್ದರೆ, ಎರಡೂ ಬೇರೆ ಊರು. ಬಂಗಾರಪೇಟೆಯ ‘ಪೇ’ಯಲ್ಲಿಯೂ ಇದೇ ಇಬ್ಬಂದಿತನವಿದೆ. ಒಂದು ದಾಖಲೆಯಲ್ಲಿ ಒಂದು ರೂಪ, ಇನ್ನೊಂದರಲ್ಲಿ ಇನ್ನೊಂದು ರೂಪ ಸೇರಿಕೊಂಡರೆ ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಗುಮಾಸ್ತರಿಗೂ ಅರ್ಜಿದಾರರಿಗೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ‘ಲಕ್ಷ್ಮೀ’ ಎಂಬುದು ನಮಗೆ ಎರಡಕ್ಷರ, ಯಂತ್ರಕ್ಕೆ ಏಳು. ಹೆಸರಿನ ಖಾನೆಗೆ ಅಕ್ಷರಗಳ ಮಿತಿ ಹಾಕುವವರು ಯಾವ ಲೆಕ್ಕದಲ್ಲಿ ಎಣಿಸುತ್ತಾರೆ?

ಇದನ್ನೆಲ್ಲ ಬ್ರೌಸರ್ ಯಂತ್ರ ಪರೀಕ್ಷಿಸಬಲ್ಲದೇ? ಬಲ್ಲದು, ಕೇಳಿದರೆ. ಆದರೆ ಯಂತ್ರ ಕನ್ನಡವನ್ನು ‘ಟೈಪ್’ ಮಾಡುವ ರೀತಿಯನ್ನು ಗಮನಿಸಿ. ಅದು ಸಿದ್ಧ ಅಕ್ಷರಗಳನ್ನು ನೇರವಾಗಿ ಖಾನೆಯೊಳಗೆ ಇಳಿಸುತ್ತದೆ. ಮನುಷ್ಯರು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲೋ, ಇನ್‌ಸ್ಕ್ರಿಪ್ಟ್‌ನಲ್ಲೋ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಆರಿಸಿಕೊಳ್ಳುವ ಕೀಲಿಮಣೆಯಲ್ಲೋ ಬರೆಯುತ್ತಾರೆ. ಒತ್ತಿದ ಕೀಲಿಗೂ ಮೂಡುವ ಅಕ್ಷರಕ್ಕೂ ನಡುವೆ ಜೋಡಣೆಯ ಒಂದು ಹಂತವಿರುತ್ತದೆ. ಪುಟದ ಕೋಡ್ ಆ ಹಂತವನ್ನು ಅರಿಯದೆ ಮೂಗು ತೂರಿಸಿದರೆ ಅಕ್ಷರ ಒಡೆಯುತ್ತದೆ, ಒತ್ತು ನೆಗೆಯುತ್ತದೆ. ಯಂತ್ರ ಆ ಹಂತವನ್ನೇ ಹಾರಿ ಬರುವುದರಿಂದ ಅದಕ್ಕೆ ಈ ತೊಂದರೆ ಎದುರಾಗುವುದೇ ಇಲ್ಲ. ಇನ್ನೊಂದು: ‘ಅರ್ಜಿ ಸಲ್ಲಿಕೆಯಾಗಿದೆ’ ಎಂಬ ಮಾತು ಪುಟದಲ್ಲಿದೆಯೇ ಎಂದು ಯಂತ್ರ ನೋಡುವುದು ಪುಟದ ಒಡಲಿನಲ್ಲಿ, ಪರದೆಯಲ್ಲಲ್ಲ. ಪರೀಕ್ಷೆ ಓಡುವ ಸರ್ವರಿನಲ್ಲಿ ಕನ್ನಡದ ಫಾಂಟೇ ಇಲ್ಲದೆ ಪರದೆಯ ತುಂಬ ಚೌಕದ ಡಬ್ಬಿಗಳು ಮೂಡಿದ್ದರೂ ಉತ್ತರ ಪಾಸು. ಓದಲು ಬಾರದವನು ಪುಸ್ತಕ ತೂಗಿ ನೋಡಿ ಚೆನ್ನಾಗಿದೆ ಎಂದಂತೆ.

ಹೆಸರಿನ ಖಾನೆಯ ಕಥೆ ಇನ್ನೂ ಹಳೆಯದು. ‘ಕೊನೆಯ ಹೆಸರು’ ಕಡ್ಡಾಯ ಎನ್ನುವ ನಮೂನೆಗಳು ಎಷ್ಟಿಲ್ಲ? ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಕೆಜಿಎಫ್‌ನಲ್ಲಿ ಎಷ್ಟೋ ಜನರಿಗೆ ಕೊನೆಯ ಹೆಸರು ಎಂಬುದೇ ಇಲ್ಲ. ಇರುವುದು ಊರಿನದೋ ಅಪ್ಪನದೋ ಒಂದು ಅಕ್ಷರ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಎಂದಾಗ ದಕ್ಷಿಣ ಭಾರತೀಯರು ಇದನ್ನು ವಿಮಾನ ನಿಲ್ದಾಣದ ಮಟ್ಟದಲ್ಲಿ ಅನುಭವಿಸಿದರು. ಯಂತ್ರಗಳಿಗೆ ಹಳೆಯದನ್ನು ನೆನಪಿಡಲು ಬರುವುದಿಲ್ಲ ಎಂದೇನೂ ಇಲ್ಲ. ಬಂಗಾರಪೇಟೆ ನಿಲ್ದಾಣದ ರೈಲ್ವೆ ಸಂಕೇತ ಇವತ್ತಿಗೂ ಬಿಡಬ್ಲ್ಯೂಟಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆಯನ್ನು ಗಣಕ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದೆ. ಬ್ರಿಟಿಷ್ ಅಧಿಕಾರಿಯ ಹೆಸರಿಗೆ ಜಾಗವಿದೆ, ಅದೇ ಊರಿನ ಹೆಂಗಸಿನ ಇನಿಷಿಯಲ್ಲಿಗೆ ಇಲ್ಲ.

ಸಾಹಿತ್ಯ ಓದುವ ಗೆಳೆಯರಿಗೆ ಇದರಲ್ಲಿ ಏನು ಕೆಲಸ? ಪರೀಕ್ಷೆಯ ಸ್ಕ್ರಿಪ್ಟ್ ಎಂಬುದು ಒಂದು ಪಠ್ಯ ಎಂಬುದೇ ಕೆಲಸ. ಅದಕ್ಕೊಂದು ಪಾತ್ರವಿದೆ, ಆ ಪಾತ್ರಕ್ಕೊಂದು ಹೆಸರಿದೆ, ಅದು ಒಂದು ಕ್ರಮದಲ್ಲಿ ನಡೆದು ಒಂದು ಅಂತ್ಯ ಮುಟ್ಟುತ್ತದೆ. ಪ್ರತಿ ಕೃತಿಯ ಒಳಗೂ ಆ ಕೃತಿಯೇ ಕಲ್ಪಿಸಿಕೊಂಡ ಓದುಗನೊಬ್ಬ ಅಡಗಿರುತ್ತಾನೆ ಎಂದು ವೋಲ್ಫ್‌ಗ್ಯಾಂಗ್ ಈಸರ್ ಅವರನ್ನು ಓದಿ ನಾವು ತರಗತಿಗಳಲ್ಲಿ ಚರ್ಚಿಸುತ್ತೇವೆ. ಸ್ಕ್ರಿಪ್ಟಿನೊಳಗೂ ಅಂಥ ಬಳಕೆದಾರನೊಬ್ಬ ಇದ್ದಾನೆ. ಅವನು ಆತುರಪಡುವುದಿಲ್ಲ, ಹಿಂಜರಿಯುವುದಿಲ್ಲ. ಅವನ ಫೋನು ಯಾವಾಗಲೂ ಅವನ ಕೈಯಲ್ಲೇ ಇರುತ್ತದೆ, ಅವನ ಬೆರಳು ಸವೆದಿರುವುದಿಲ್ಲ. ಅವನಿಗೆ ಇಂಗ್ಲಿಷ್ ಬರುತ್ತದೆ, ಕೊನೆಯ ಹೆಸರಿದೆ, ತಪ್ಪು ಗುಂಡಿ ಒತ್ತಿಬಿಟ್ಟೆನೇನೋ ಎಂಬ ಭಯವಿಲ್ಲ. ಕಾದಂಬರಿಯಲ್ಲಿ ಇಂಥ ಪಾತ್ರ ಬಂದರೆ ಜೀವವಿಲ್ಲ ಎಂದು ವಿಮರ್ಶೆ ಬರೆಯುತ್ತೇವೆ. ಆಡಳಿತದಲ್ಲಿ ಅದೇ ಪಾತ್ರವನ್ನು ಮಾದರಿ ನಾಗರಿಕನೆಂದು ಒಪ್ಪಿಕೊಂಡಿದ್ದೇವೆ.

ಆ ಕಲ್ಪನೆಯ ಹೊರಗೆ ಉಳಿದವರಿಗೆ ಏನಾಗುತ್ತದೆ ಎಂಬುದಕ್ಕೆ 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪು ನೋಡಬೇಕು. ಬ್ಯಾಂಕು ಮತ್ತಿತರ ಸೇವೆಗಳ ಡಿಜಿಟಲ್ ಕೆವೈಸಿಯಲ್ಲಿ, ಎದುರಿಗಿರುವುದು ಜೀವಂತ ಮನುಷ್ಯ ಎಂದು ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಹೇಗೆ ಮಿಟುಕಿಸುವುದು? ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ತಲುಪುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಆ ಕಣ್ಣು ಮಿಟುಕಿಸುವ ತಂತ್ರಾಂಶವನ್ನೂ ಯಾರೋ ಪರೀಕ್ಷಿಸಿಯೇ ಇರಬೇಕಲ್ಲ? ಪರೀಕ್ಷೆ ಬರೆದವರ ಮನಸ್ಸಿನಲ್ಲಿ ಅವರು ಇರಲಿಲ್ಲ, ಅಷ್ಟೇ.

‘ಹಾಗಾದರೆ ಅಂಗವಿಕಲರಿಗೆ ಪುಟ ಸುಗಮವಾಗಿದೆಯೇ ಎಂದು ನೋಡುವ ಸ್ವಯಂಚಾಲಿತ ಉಪಕರಣಗಳನ್ನೂ ಸೇರಿಸೋಣ’ ಎನ್ನುವವರಿದ್ದಾರೆ. ಸೇರಿಸಲಿ. ಆದರೆ 2017ರಲ್ಲಿ ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ ಒಂದು ಪ್ರಯೋಗ ಮಾಡಿತು. ಬೇಕೆಂದೇ 142 ಅಡೆತಡೆಗಳನ್ನಿಟ್ಟು ಒಂದು ಪುಟ ಕಟ್ಟಿ, ಅದರ ಮೇಲೆ ಇಂಥ ಉಪಕರಣಗಳನ್ನು ಓಡಿಸಿತು. ಅತ್ಯುತ್ತಮ ಎನಿಸಿಕೊಂಡ ಉಪಕರಣವೂ ಅರ್ಧದಷ್ಟು ತಡೆಗಳನ್ನು ಹಿಡಿಯಲಿಲ್ಲ. ಉಳಿದದ್ದನ್ನು ಹಿಡಿಯಲು ಮನುಷ್ಯರೇ ಬೇಕು.

ಎದುರು ವಾದದಲ್ಲಿ ಸತ್ವ ಇರುವಲ್ಲಿ ಅದನ್ನೂ ಒಪ್ಪಬೇಕು. ಕ್ಯಾಪ್ಚಾ, ಒಟಿಪಿ ಕಿತ್ತೊಗೆಯಿರಿ ಎಂದು ಹೇಳುವುದು ಸುಲಭ. ಆದರೆ 2025ರ ಆರಂಭದಲ್ಲಿ ನಮ್ಮದೇ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಕುಸಿದು ರಾಜ್ಯದಾದ್ಯಂತ ಆಸ್ತಿ ನೋಂದಣಿ ಪರದಾಡಿತು. ಸ್ವಯಂಚಾಲಿತ ತಂತ್ರಾಂಶದಿಂದ ನಕಲಿ ಬೇಡಿಕೆಗಳ ಪ್ರವಾಹ ಹರಿಸಿ ನಡೆಸಿದ ದಾಳಿ ಅದು ಎಂದು ಸರ್ಕಾರ ಹೇಳಿತು, ಪೊಲೀಸ್ ದೂರೂ ದಾಖಲಾಯಿತು. ಹಾಗಾಗಿ ಬೇಲಿ ಬೇಕು. ಬೇಲಿ ಎಷ್ಟು ಹಸುಗಳನ್ನು ತಡೆಯಿತು ಎಂಬ ಲೆಕ್ಕದ ಜೊತೆಗೆ ಎಷ್ಟು ಮಕ್ಕಳ ಕಾಲಿಗೆ ಮುಳ್ಳು ಚುಚ್ಚಿತು ಎಂಬ ಲೆಕ್ಕವನ್ನೂ ಇಡಿ ಎಂದಷ್ಟೇ ಕೇಳುತ್ತಿದ್ದೇನೆ. ಕ್ಯಾಪ್ಚಾದವರೆಗೆ ಬಂದು ಹಿಂದೆ ಹೋದವರೆಷ್ಟು, ಒಟಿಪಿಯ ಹೊತ್ತು ಮೀರಿ ಹೋದವರೆಷ್ಟು ಎಂಬ ಸಂಖ್ಯೆಯನ್ನು ಯಾವ ಸರ್ವರ್ ಬೇಕಾದರೂ ಎಣಿಸಬಲ್ಲದು. ಎಣಿಸಲು ಹೇಳುವ ಮನಸ್ಸು ಬೇಕು.

ನಮ್ಮ ಕಡೆಯವರೊಂದಿಗೂ ನನಗೆ ತಕರಾರಿದೆ. ಯಂತ್ರ ಬಂತು, ಮನುಷ್ಯತ್ವ ಹೋಯಿತು ಎಂದು ನಿಟ್ಟುಸಿರು ಬಿಟ್ಟು ಕವಿತೆ ಬರೆದರೆ ಬಂಗಾರಪೇಟೆಯ ಅಜ್ಜಿಗೆ ಪಿಂಚಣಿ ಬರುವುದಿಲ್ಲ. ಕೋಡ್ ನಮ್ಮ ವಿಷಯವಲ್ಲ ಎಂದು ಕೈ ತೊಳೆದುಕೊಂಡರೆ, ಪ್ರಜೆ ಎಂದರೆ ಯಾರು ಎಂದು ಬರೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಂತೆ. ಈ ನೆಲದ ಕಾರ್ಮಿಕರು ಹಾಗೆ ಬಿಟ್ಟುಕೊಟ್ಟವರಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂಬ ನಿಯಮದ ವಿರುದ್ಧ ಕೆಜಿಎಫ್‌ನ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ದುಡಿಯುವವನನ್ನು ಮೊದಲು ಕಳ್ಳನೆಂದುಕೊಂಡು ಆಮೇಲೆ ಗುರುತು ಕೇಳುವ ಪದ್ಧತಿಯ ಒಳಗುಟ್ಟು ಅವರಿಗೆ ಆಗಲೇ ಗೊತ್ತಿತ್ತು. ಇವತ್ತು ಅವರ ಮರಿಮಕ್ಕಳು ಪಡಿತರ ಅಂಗಡಿಯಲ್ಲಿ ಬೆರಳು ಒತ್ತುತ್ತಾರೆ, ಪೋರ್ಟಲಿನಲ್ಲಿ ‘ನಾನು ರೋಬೋ ಅಲ್ಲ’ ಎಂಬ ಖಾನೆಗೆ ಗುರುತು ಹಾಕುತ್ತಾರೆ.

ಹಾಗಾಗಿ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ಒಂದು, ಸಾರ್ವಜನಿಕ ಹಣದಿಂದ ಕಟ್ಟಿದ ಪ್ರತಿ ಪೋರ್ಟಲ್ ತನ್ನ ಪರೀಕ್ಷೆಯ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ; ಯಾವ ಪ್ರಶ್ನೆ ಕೇಳಿದಿರಿ, ಯಾವುದನ್ನು ಆರಿಸಿಟ್ಟಿರಿ ಎಂಬುದು ಗೊತ್ತಾಗಲಿ. ಎರಡು, ಯಂತ್ರದ ಪರೀಕ್ಷೆಗೆ ಕನ್ನಡದ ಕಷ್ಟಗಳನ್ನು ಕಡ್ಡಾಯವಾಗಿ ಸೇರಿಸಲಿ: ಎರಡು ರೂಪದ ಕೋಲಾರ, ಏಳು ಸಂಕೇತದ ಲಕ್ಷ್ಮೀ, ಕೊನೆಯ ಹೆಸರಿಲ್ಲದ ಹೆಸರು, ಕನ್ನಡ ಫಾಂಟಿನ ಪರದೆ. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದಾದ ಸಾಲುಗಳು. ಮೂರು, ಯಂತ್ರಕ್ಕಾಗಿ ಕಳಚಿಟ್ಟ ಬಾಗಿಲುಗಳನ್ನು ಮನುಷ್ಯರಿಂದ ಪರೀಕ್ಷಿಸಲಿ. ಪೋರ್ಟಲ್ ತೆರೆಯುವ ಮೊದಲು, ತಾಲ್ಲೂಕು ಕೇಂದ್ರಗಳಲ್ಲಿ, ಕ್ಯಾಪ್ಚಾ ಮತ್ತು ಒಟಿಪಿ ಸಮೇತ. ನಾಲ್ಕು, ಅರ್ಜಿ ಸಲ್ಲಿಸಲು ಯತ್ನಿಸಿದ ಕ್ಷಣದಿಂದಲೇ ಸಕಾಲದ ಗಡಿಯಾರ ಓಡಲಿ.

‘ಅಷ್ಟು ಪರೀಕ್ಷಕರನ್ನು ಎಲ್ಲಿಂದ ತರುವುದು’ ಎಂದು ಕೇಳಬೇಡಿ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಸಾವಿರಾರು ಜನ ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬೇರೆ ದೇಶಗಳ ಬ್ಯಾಂಕು, ವಿಮಾನ ಕಂಪನಿಗಳ ಜಾಲತಾಣಗಳನ್ನು ಸೆಲೆನಿಯಂನಲ್ಲೋ ಪ್ಲೇರೈಟ್‌ನಲ್ಲೋ ಪರೀಕ್ಷಿಸುವವರೂ ಆ ಬೋಗಿಗಳಲ್ಲಿದ್ದಾರೆ. ಊರಲ್ಲಿ ಉಳಿದವರಲ್ಲಿ ದಿನಕ್ಕೆ ನೂರು ಅರ್ಜಿ ತುಂಬಿ, ಯಾವ ಖಾನೆಯಲ್ಲಿ ಯಾರು ಎಡವುತ್ತಾರೆ ಎಂದು ಬಾಯಿಪಾಠ ಹೇಳಬಲ್ಲ ಸೈಬರ್ ಅಂಗಡಿಯವರು, ಗ್ರಾಮ ಒನ್ ಕೇಂದ್ರದವರು ಇದ್ದಾರೆ. ಡಿಗ್ರಿ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಒತ್ತಕ್ಷರ ಎಲ್ಲಿ ಮುರಿಯಿತು ಎಂದು ಒಂದೇ ನೋಟಕ್ಕೆ ಹೇಳುವ ವಿದ್ಯಾರ್ಥಿಗಳಿದ್ದಾರೆ. ಇವರಿಗೆ ಕೂಲಿ ಕೊಟ್ಟು ಕೇಳಿ, ಹೇಳುತ್ತಾರೆ.

ಚಿನ್ನವನ್ನು ಒರೆಗೆ ಹಚ್ಚುವುದು ಎಂಬ ಮಾತು ನಮ್ಮ ಭಾಷೆಗೆ ಹಳೆಯದು. ಒರೆಗಲ್ಲು ಚಿನ್ನದ ಬಣ್ಣ ಹೇಳುತ್ತದೆ. ಕಲ್ಲೇ ಸರಿಯಿದೆಯೇ ಎಂದು ನೋಡುವವರು ಯಾರು ಎಂಬುದು ಅಕ್ಕಸಾಲಿಗನಿಗೆ ಇಷ್ಟವಾಗದ ಪ್ರಶ್ನೆ. ಚಿನ್ನ ಕೊಟ್ಟು ಕೂತವರು ಆ ಪ್ರಶ್ನೆಯನ್ನು ಕೇಳಲೇಬೇಕು.